ಸರಿಯಾಗಿ ಅರ್ಧ

ತಾನು ಮೋಸ ಮಾಡಿಲ್ಲವೆಂದು ಅವಳಿಗೇ ಖಾತ್ರಿಯಿರಲಿಲ್ಲ. ಬೆಳಿಗ್ಗೆ ಎದ್ದಾಗಿನಿಂದ ಇದೊಂದೇ ಯೋಚನೆ, ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ. ಬೇಡವೆಂದರೂ ನಾಲಿಗೆ ಅಲ್ಲಿಗೇ ಹೋಗುತ್ತಿತ್ತು. ಕದ್ದವರಿಗೆ ಕದ್ದ ನೆನಪಾದರೂ ಇರುತ್ತದೆ. ಅವಳಿಗೆ ಅದೂ ಇರಲಿಲ್ಲ. ಒಲೆಯ ಮುಂದೆ ನಿಂತು "ಸಕ್ಕರೆ ಹಾಕ್ಲಾ?" ಎಂದು ಗಂಡನನ್ನು ಕೇಳಿದಳು, ಕೇಳುವ ಹೊತ್ತಿಗೆ ಹಾಕಿ, ಕಲಕಿಯೂ ಆಗಿತ್ತು. "ನಿನ್ನ ಪ್ರೋಗ್ರಾಮೂ ಹೀಗೇನಾ? ಉತ್ತರ ಮೊದ್ಲೇ ಬರ್ಕೊಂಡು ಆಮೇಲೆ ಪ್ರಶ್ನೆ ಕೇಳೋದು?" ಎಂದು ಅವನು ನಕ್ಕ. ಇವತ್ತಿನ ಪರೀಕ್ಷೆ ಏನೆಂದು ಅವನಿಗೂ ಗೊತ್ತಿತ್ತು. ಅವಳ ಮುಖ ಕಂಡದ್ದೇ ನಾಲಿಗೆ ಕಚ್ಚಿಕೊಂಡು "ಅಯ್ಯೋ, ಸುಮ್ನೆ ಅಂದೆ ಕಣೇ" ಎಂದ. ಅವಳೂ ನಕ್ಕಳು. ನಗುವಾಗ ಈ ನಗು ಎಷ್ಟು ಹೊತ್ತು ಇದ್ದರೆ ಸಾಕೆಂದು ತಾನು ಲೆಕ್ಕ ಹಾಕುತ್ತಿರುವುದು ಅವಳ ಗಮನಕ್ಕೆ ಬಂತು. ಮೆಟ್ಟಿಲಿಳಿದು ರಸ್ತೆಗೆ ಬಂದಮೇಲೆ ಒಲೆ ಆರಿಸಿದೆನೋ ಇಲ್ಲವೋ ಎಂಬ ಅನುಮಾನ. ಹಿಂತಿರುಗಿ ಅರ್ಧ ದಾರಿ ನಡೆದಮೇಲೆ ಗಂಡ ಮನೆಯಲ್ಲೇ ಇದ್ದಾನೆಂಬುದು ನೆನಪಾಯಿತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮುಂದಿನ ಸೀಟಿನ ಹೆಂಗಸೊಬ್ಬಳು ಫೋನಿನಲ್ಲಿ ಯಾರಿಗೋ ಏರುದನಿಯಲ್ಲಿ ಬುದ್ಧಿ ಹೇಳುತ್ತಿದ್ದಳು. ಆ ಬುದ್ಧಿಮಾತೂ ಈಗ ನೆಲದಡಿಯ ಗಾಜಿನ ಎಳೆಯಲ್ಲಿ ಬೆಳಕಾಗಿ ಓಡುತ್ತಿರುತ್ತದೆ, ಆ ತುದಿಯಲ್ಲೊಂದು ರಿಸೀವರು ಅದನ್ನು ಹಿಡಿದು ಮತ್ತೆ ಬುದ್ಧಿಮಾತನ್ನಾಗಿಯೇ ಮಾಡಿ ಒಪ್ಪಿಸುತ್ತದೆ. ನೀನು ಅಲ್ಲಿ ಮಾಡೋದಾದ್ರೂ ಏನು ಎಂದು ನಾದಿನಿ ಒಮ್ಮೆ ಬಟ್ಟೆ ಮಡಿಸುತ್ತ ಕೇಳಿದ್ದಳು. "ಬೆಳಕು ಅಂದ್ರೆ ಅಲೆ. ಅಲೆ ಎಷ್ಟು ಜೋರಾಗಿದೆ ಅನ್ನೋದು ಒಂದು. ಈ ಗಳಿಗೇಲಿ ಏರ್ತಾ ಇದೆಯೋ ಇಳೀತಾ ಇದೆಯೋ ಅನ್ನೋದು ಇನ್ನೊಂದು. ಅದಕ್ಕೆ ಫೇಸ್ ಅಂತೀವಿ. ಸುದ್ದಿ ತುಂಬಿರೋದು ಅದರಲ್ಲೇ. ಆದ್ರೆ ಬೆಳಕು ಅಳೆಯೋ ಸಾಧನಕ್ಕೆ ಜೋರು ಎಷ್ಟು ಅನ್ನೋದು ಬಿಟ್ರೆ ಬೇರೇನೂ ಕಾಣಲ್ಲ." "ಅಂದ್ರೆ ಮುಖ್ಯವಾದ್ದೇ ಅದಕ್ಕೆ ಗೊತ್ತಾಗಲ್ಲ ಅನ್ನು." "ಹೂಂ." "ಥೇಟ್ ನಮ್ಮಣ್ಣ," ಎಂದಿದ್ದಳು ನಾದಿನಿ, ಅಂಗಿಯ ತೋಳನ್ನು ಒಳಗೆ ಸೇರಿಸುತ್ತ. ಸಂಸ್ಥೆಯಲ್ಲಿ ಉಳಿದವರು ಇದಕ್ಕೆ ಹಿಡಿದ ದಾರಿಯೆಂದರೆ ರಿಸೀವರಿನಲ್ಲೇ ತಮ್ಮದೊಂದು ಲೇಸರು ಇಟ್ಟು, ಬಂದ ಬೆಳಕನ್ನು ಅದರ ಪಕ್ಕ ನಿಲ್ಲಿಸಿ ಹೋಲಿಸುವುದು. ಆ ಗುಂಪಿನ ಮುಖ್ಯಸ್ಥರಿಗೆ ಅವಳು ಮನಸ್ಸಿನಲ್ಲೇ ದೀಪದ ಸಾಹೇಬರು ಎಂದು ಹೆಸರಿಟ್ಟಿದ್ದಳು; ತಮ್ಮದೊಂದು ದೀಪವಿಲ್ಲದೆ ಅವರಿಗೆ ಏನೂ ಕಾಣುತ್ತಿರಲಿಲ್ಲ. ಅವಳ ಮೇಜಿನ ಮೇಲೆ ದೀಪವಿಲ್ಲ. ಬಂದ ಬೆಳಕನ್ನು ಎರಡು ಪಾಲು ಮಾಡಿ ಒಂದನ್ನು ನೇರವಾಗಿ ಅಳೆಯುತ್ತಾಳೆ; ಇನ್ನೊಂದನ್ನು ಫೈಬರಿನ ಸುರುಳಿಯಿರುವ ಪೆಟ್ಟಿಗೆಯಲ್ಲಿ ಹಾಯಿಸಿ, ಅಲೆಗಳು ಹರಡಿ ಒಂದರೊಳಗೊಂದು ಕಲಸಿಕೊಂಡಮೇಲೆ ಅಳೆಯುತ್ತಾಳೆ. ಎರಡು ಅಳತೆಯಲ್ಲೂ ಫೇಸ್ ಇಲ್ಲ. ಆದರೆ ಎರಡಕ್ಕೂ ಹೊಂದುವ ಫೇಸ್ ಯಾವುದಿದ್ದೀತು ಎಂದು ಪ್ರೋಗ್ರಾಂ ಊಹಿಸುತ್ತದೆ, ತಾಳೆ ನೋಡುತ್ತದೆ, ತಿದ್ದುತ್ತದೆ, ಮತ್ತೆ ಊಹಿಸುತ್ತದೆ. ತಾಳೆಯಾಗುವವರೆಗೆ ಪಟ್ಟು ಬಿಡುವುದಿಲ್ಲ.

ತಕರಾರು ಎದ್ದದ್ದು ಆ ಊಹೆಯ ಬಗ್ಗೆಯೇ. ಇದೇ ಕೆಲಸ ಮಾಡುವ ಬೇರೆಯವರು ಊಹೆ ದಾರಿ ತಪ್ಪದಿರಲೆಂದು ಸುದ್ದಿಯ ನಡುನಡುವೆ ತಮಗೆ ಮೊದಲೇ ಗೊತ್ತಿರುವ ಗುರುತುಗಳನ್ನು ಸೇರಿಸಿ ಕಳಿಸುತ್ತಾರೆ. ಅವಳು ಒಂದೂ ಗುರುತಿಲ್ಲದೆ ಸುದ್ದಿಯನ್ನು ಪೂರ್ತಿ ಬಿಡಿಸಿದ್ದಳು, ಒಂದೂ ತಪ್ಪಿಲ್ಲದೆ. ಸಂಸ್ಥೆಯ ಸಭೆಯಲ್ಲಿ ಅದನ್ನು ತೋರಿಸಿ ಚಪ್ಪಾಳೆಗಾಗಿ ಅಲ್ಲದಿದ್ದರೂ ಕೊಂಚ ಹಾಗೇ ಕಾಯುತ್ತ ನಿಂತಿದ್ದಾಗ, ಹಿಂದಿನ ಸಾಲಿನಿಂದ ದೀಪದ ಸಾಹೇಬರು ಮೆತ್ತಗೆ ಕೇಳಿದ್ದರು: "ಕಳಿಸಿದ ಡೇಟಾ ಕೂಡ ಅದೇ ಕಂಪ್ಯೂಟರಲ್ಲೇ ಇತ್ತಲ್ವಾ?" "ಇತ್ತು ಸರ್. ಎಷ್ಟು ತಪ್ಪಾಗಿದೆ ಅಂತ ಹೋಲಿಸೋಕೆ ಬೇಕಲ್ಲ." "ಹೋಲಿಸೋಕೆ ಮಾತ್ರಾನಾ?" ಯಾರೂ ಗಟ್ಟಿಯಾಗಿ ನಗಲಿಲ್ಲ. ಗಟ್ಟಿಯಾಗಿ ನಕ್ಕಿದ್ದರೆ ಅವಳು ಉತ್ತರ ಕೊಡುತ್ತಿದ್ದಳು. ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ಕಾಯಿಲೆ ಅದು: ಹೋಲಿಸಲೆಂದು ಇಟ್ಟ ಉತ್ತರ ಪ್ರೋಗ್ರಾಮಿನ ಯಾವುದೋ ಒಂದು ಸಾಲಿನ ಮೂಲಕ ಊಹೆಯೊಳಗೆ ಸೋರಿಬಿಡುತ್ತದೆ, ಬೇಕೆಂದು ಯಾರೂ ಮಾಡಿರುವುದಿಲ್ಲ, ಆದರೆ ಪ್ರೋಗ್ರಾಂ ನೋಡಿ ಬರೆದಿರುತ್ತದೆ, ಆ ಪ್ರೋಗ್ರಾಂ ಮಾಡಿದವರು ಅದು ತಾನೇ ಕಂಡುಹಿಡಿಯಿತೆಂದು ಬೀಗುತ್ತಿರುತ್ತಾರೆ. ಆಮೇಲೆ ವಿಜ್ಞಾನ ಪತ್ರಿಕೆಗೆ ಕಳಿಸಿದ್ದ ಅವಳ ಪ್ರಬಂಧ ಇದೇ ಅನುಮಾನ ಹೊತ್ತು ಹಿಂದೆ ಬಂತು. ಅವಳು ಪ್ರತಿ ಸಾಲನ್ನೂ ಓದಿದಳು, ಮತ್ತೆ ಓದಿದಳು. ಓದಿ ಓದಿ ಕೊನೆಗೆ ಅಕ್ಷರ ಕಾಣುತ್ತಿತ್ತೇ ಹೊರತು ಅರ್ಥ ಕಾಣುತ್ತಿರಲಿಲ್ಲ. ಇವತ್ತು ಸರಿಬರದಿದ್ದರೆ ಅವಳ ಮೇಜು ದೀಪದ ಸಾಹೇಬರ ಗುಂಪಿಗೆ ಹೋಗುತ್ತದೆ. ಮೇಜು ಹೋದರೆ ಹೋಗಲಿ. ನೋಡಿ ಬರೆದವಳು ಎಂಬ ಹೆಸರು ಉಳಿಯುತ್ತದೆ, ಅದಕ್ಕಿಂತ ಹೆಚ್ಚಾಗಿ, ಅದು ನಿಜವಿರಬಹುದು.

ಪ್ರಯೋಗಾಲಯದ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಬೆಸುಗೆಯವರು ಎದುರಾದರು. ಫೈಬರಿನ ಕೂದಲಂಥ ತುದಿಗಳನ್ನು ಬೆಸೆಯುವುದು ಅವರ ಕೆಲಸ, ಅವಳಿಗಿಂತ ಹಿರಿಯರು, ಮಾತಿಗೊಮ್ಮೆ ಕನ್ನಡಕ ಒರೆಸುವವರು. "ಎಲ್ಲ ಜೋಡ್ಸಿದೀನಿ ಮೇಡಂ. ಆ ಕೋಣೇಲಿ ಹೇಗಿತ್ತೋ ಹಾಗೇ." ನಿನ್ನೆ ಇಬ್ಬರೂ ಸೇರಿ ಮೇಜನ್ನು ಪಕ್ಕದ ಕೋಣೆಯಿಂದ ಇಲ್ಲಿಗೆ ತಂದಿದ್ದರು, ಅವಳ ಹಳೆಯ ಕೋಣೆಯಲ್ಲಿ ಏನಾದರೂ ಅಡಗಿರಬಹುದೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಕೋಣೆ ಬದಲಿಸಿ ಎಂದಷ್ಟೇ ಹೇಳಿದ್ದರು. ಇವತ್ತು ಬೆಳಕು ಹೊರಡುವುದು ಅಂಗಳದಾಚೆಯ ಕಟ್ಟಡದಿಂದ. ಅಲ್ಲಿ ದೀಪದ ಸಾಹೇಬರು ಕೂತಿರುತ್ತಾರೆ, ಅವಳು ಕಂಡಿರದ ಸುದ್ದಿಯನ್ನು ಕಳಿಸುತ್ತಾರೆ. ಇಲ್ಲಿ ಅವಳ ಪ್ರೋಗ್ರಾಂ ಬಿಡಿಸಿದ್ದು ಹೊರಗಿನಿಂದ ಬಂದ ಪರೀಕ್ಷಕರ ಲ್ಯಾಪ್‌ಟಾಪಿಗೆ ಹೋಗುತ್ತದೆ, ತಪ್ಪು ಎಷ್ಟೆಂಬುದನ್ನು ಅದು ಹೇಳುತ್ತದೆ. ಪರೀಕ್ಷಕರು ನಿವೃತ್ತ ಪ್ರೊಫೆಸರು, ಬೆಳ್ಳಿಕೂದಲನ್ನು ಗಿಡ್ಡಕ್ಕೆ ಕತ್ತರಿಸಿಕೊಂಡ ಹೆಂಗಸು. ಬಂದವರೇ ಕುರ್ಚಿಯ ಎತ್ತರ ಸರಿಮಾಡಿಕೊಂಡು "ನೀವು ಗಾಬರಿಯಾಗ್ಬೇಡಿ, ನಾನೂ ಗಾಬರಿಯಾಗಲ್ಲ" ಎಂದರು. ಅವರ ದನಿಯಲ್ಲಿ ಕರುಣೆಯಿದೆಯೇ ಎಂದು ಅವಳು ಹುಡುಕಿದಳು. ಇದ್ದರೂ ಸಿಟ್ಟು, ಇಲ್ಲದಿದ್ದರೂ ಸಿಟ್ಟು.

ಪ್ರೋಗ್ರಾಂ ಶುರುಮಾಡುವ ಗುಂಡಿಯ ಮೇಲೆ ಬೆರಳಿಟ್ಟಾಗ ಅಪ್ಪನ ಕೈ ಹಿಡಿದ ಹಾಗಾಯಿತು. ಪಾರ್ಶ್ವವಾಯು ಹೊಡೆದು ಅಪ್ಪನ ಮಾತು ನಿಂತುಹೋದಮೇಲೆ ಆಸ್ಪತ್ರೆಯಲ್ಲಿ ಅವರ ಬಾಯಿ ಅವಳೇ ಆಗಿದ್ದಳು. "ಕಿಟಕಿ ತೆಗೀಲಾ ಅಪ್ಪ?" ರೆಪ್ಪೆ ಅಲುಗುತ್ತಿತ್ತು, ಅಥವಾ ಅಲುಗಿದ ಹಾಗೆ ಕಾಣುತ್ತಿತ್ತು. "ತೆಗಿ ಅಂತಿದಾರೆ." "ಬಿಸಿನೀರು ಬೇಕಾ?" "ಬೇಕಂತೆ." ಯಾರ ಮನೆಗೆ ಹೋಗ್ತೀರಿ ಎಂದು ಡಾಕ್ಟರು ಕೇಳಿದಾಗಲೂ ಅವಳೇ ಬಗ್ಗಿ "ನಮ್ಮನೆಗೆ ಬರ್ತೀರಾ ಅಪ್ಪ?" ಎಂದಳು, ಬೆರಳು ಒತ್ತಿದಂತಾಯಿತು, ಬರ್ತಾರಂತೆ ಎಂದು ಹೇಳಿಬಿಟ್ಟಳು. ಆಸ್ಪತ್ರೆಯ ವರಾಂಡದಲ್ಲಿ ಅಣ್ಣ ಗೋಡೆ ನೋಡಿಕೊಂಡು ಹೇಳಿದ್ದ: "ಅಪ್ಪ ಏನೂ ಹೇಳಿಲ್ಲ. ನಿನಗೆ ಬೇಕಾದ್ದನ್ನ ನೀನೇ ಹೇಳಿ, ನೀನೇ ಕೇಳಿಸ್ಕೋತೀಯ." ಅಪ್ಪ ಅವಳ ಮನೆಯಲ್ಲೇ ಹೋದರು. ಅಣ್ಣ ಈಗಲೂ ಫೋನು ಮಾಡುತ್ತಾನೆ, ಆರೋಗ್ಯ ವಿಚಾರಿಸುತ್ತಾನೆ, ಇಡುತ್ತಾನೆ. ಒತ್ತಿದ್ದು ಯಾರ ಬೆರಳು? ಅಪ್ಪನದೋ, ಅಪ್ಪನ ಕೈಯನ್ನು ಬಿಗಿಹಿಡಿದಿದ್ದ ತನ್ನದೋ? ತಾನು ಯಾರಿಂದಲಾದರೂ ಏನನ್ನಾದರೂ ನಿಜವಾಗಿ ಕೇಳಿಸಿಕೊಂಡಿದ್ದೇನೆಯೇ, ಅಥವಾ ಇಷ್ಟು ವರ್ಷ ತನ್ನದೇ ಊಹೆ ತನಗೇ ವಾಪಸ್ಸು ಬರುತ್ತಿತ್ತೇ? "ಶುರುಮಾಡೋಣ್ವಾ?" ಎಂದರು ಪರೀಕ್ಷಕರು. ಬೆರಳು ಒತ್ತಿದ್ದು ಅವಳೇ.

ಪರದೆಯ ಮೇಲೆ ಎರಡು ಗೆರೆ ಓಡಿದವು, ಅಳೆದದ್ದು ಒಂದು, ಊಹಿಸಿದ್ದು ಒಂದು. ಮೊದಲು ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕುಣಿದವು. ಆಮೇಲೆ ನಿಧಾನವಾಗಿ ಹತ್ತಿರ ಬಂದವು, ಒಂದೆರಡು ಕಡೆ ಮುನಿಸಿಕೊಂಡು ದೂರ ಸರಿದವು, ಮತ್ತೆ ಬಂದವು, ಕೊನೆಗೆ ಒಂದರ ಮೇಲೊಂದು ಕೂತು ಎರಡು ಎಂಬುದೇ ಕಾಣದಂತಾಯಿತು. ಅವಳ ಎದೆ ಹಗುರಾಯಿತು. ಬೆಸುಗೆಯವರು ಕನ್ನಡಕ ಒರೆಸಿದರು. ಪರೀಕ್ಷಕರ ಲ್ಯಾಪ್‌ಟಾಪಿನಲ್ಲಿ ತಪ್ಪಿನ ಪ್ರಮಾಣ ಬಂತು: ಸೊನ್ನೆ ಬಿಂದು ಐದು. ಸುದ್ದಿಯೆಂದರೆ ಸೊನ್ನೆ ಇಲ್ಲವೆ ಒಂದು ಎಂಬ ಬಿಟ್ಟುಗಳ ಸಾಲು; ಬಂದದ್ದರಲ್ಲಿ ಅರ್ಧ ತಪ್ಪು. ಮೇಜಿನ ಮೇಲಿನ ಸ್ಪೀಕರ್ ಫೋನಿನಲ್ಲಿ ಅಂಗಳದಾಚೆಯಿಂದ ದೀಪದ ಸಾಹೇಬರು "ಏನ್ ಬಂತು ಮೇಡಂ?" ಎಂದರು. "ಅರ್ಧ," ಎಂದರು ಪರೀಕ್ಷಕರು. ಆ ಕಡೆ ಒಂದು ಉಸಿರು ಬಿಟ್ಟ ಸದ್ದು. "ಅರ್ಧ ಅಂದ್ರೆ ನಾಣ್ಯ ಚಿಮ್ಮಿ ಹೇಳಿದ್ರೂ ಅಷ್ಟು ಬರುತ್ತಲ್ಲ ಮೇಡಂ. ಆಕಡೆ ಡೇಟಾ ಇಲ್ಲದೆ ಇದ್ದಾಗ ಹೀಗೇ ಆಗೋದು." ಅವರ ದನಿಯಲ್ಲಿ ಹಿಗ್ಗೂ ಇರಲಿಲ್ಲ, ಅದೇ ಅವಳನ್ನು ಹೆಚ್ಚು ಸುಟ್ಟಿತು. ಮತ್ತೆ ಮಾಡಿದರು. ಗೆರೆಗಳು ಮತ್ತೆ ಕೂಡಿದವು, ಮತ್ತೆ ಅರ್ಧ. ಮತ್ತೊಮ್ಮೆ, ಮತ್ತೆ ಅರ್ಧ. "ಒಂದ್ಲೋಟ ನೀರು ಕುಡ್ದು ಬನ್ನಿ," ಎಂದರು ಪರೀಕ್ಷಕರು, ಮಗುವಿಗೆ ಹೇಳುವಂತಲ್ಲ, ಆದರೆ ಅದಕ್ಕೆ ಹತ್ತಿರವಾಗಿಯೇ.

ವರಾಂಡದ ತುದಿಯಲ್ಲಿ ಕುಡಿಯುವ ನೀರಿನ ನಲ್ಲಿ. ಲೋಟ ತುಂಬಿ ಹರಿದು ಕೈ ಮೇಲೆ ಬಿದ್ದರೂ ಅವಳು ಹಾಗೇ ನಿಂತಿದ್ದಳು. ಹಾಗಾದರೆ ಅಣ್ಣ ಹೇಳಿದ್ದು ಸರಿ, ಗಂಡ ತಮಾಷೆಗೆಂದು ಹೇಳಿದ್ದೂ ಸರಿ. ಉತ್ತರವನ್ನು ಪಕ್ಕದಿಂದ ಕಿತ್ತುಕೊಂಡಮೇಲೆ ಉಳಿದದ್ದು ಎರಡು ಗೆರೆಗಳ ಚೆಂದದ ಒಪ್ಪಂದ, ಅಷ್ಟೇ. ಹೊರಗಿನ ಲೋಕಕ್ಕೂ ಅದಕ್ಕೂ ಸಂಬಂಧವಿಲ್ಲ. ಒಳಗೆ ಹೋಗಿ ಏನು ಹೇಳಬೇಕು? ಕ್ಷಮಿಸಿ ಎಂದರೆ ಒಪ್ಪಿಕೊಂಡ ಹಾಗೆ, ಸುಮ್ಮನಿದ್ದರೂ ಒಪ್ಪಿಕೊಂಡ ಹಾಗೆ. ಸಂಜೆ ಮೇಜು ಖಾಲಿ ಮಾಡುವಾಗ ಬೆಸುಗೆಯವರು ತನ್ನ ಮುಖ ನೋಡದೆ ಕೆಲಸ ಮಾಡುತ್ತಾರೆ, ಆ ಸೌಜನ್ಯವನ್ನು ತಡೆದುಕೊಳ್ಳುವುದು ಹೇಗೆ? ನಾಣ್ಯ ಚಿಮ್ಮಿದರೂ ಅಷ್ಟು ಬರುತ್ತದಂತೆ. ಚಿಕ್ಕಂದಿನಲ್ಲಿ ಅಣ್ಣನೂ ಅವಳೂ ಯಾರು ಮೊದಲು ಸ್ನಾನಕ್ಕೆ ಹೋಗಬೇಕೆಂದು ದಿನಾ ನಾಣ್ಯ ಚಿಮ್ಮುತ್ತಿದ್ದರು. ಎಷ್ಟೋ ದಿನ ಒಂದೇ ಸಮನೆ ಅವಳೇ ಸೋತು ಅತ್ತು ರಂಪ ಮಾಡಿದ್ದಳು. ನಾಣ್ಯ ಯಾವತ್ತು ನ್ಯಾಯವಾಗಿ ಸಮಪಾಲು ಹಂಚಿತ್ತು? ಕೊಂಚ ಆಕಡೆ ವಾಲುತ್ತದೆ, ಕೊಂಚ ಈಕಡೆ. ಲಕ್ಷಗಟ್ಟಲೆ ಸಲ ಚಿಮ್ಮಿದರೂ ಬಿಂದುವಿನಾಚೆ ಎಲ್ಲೋ ಒಂದು ಅಂಕಿ ಎದ್ದೇ ಏಳುತ್ತದೆ. ಪರೀಕ್ಷಕರ ಪರದೆಯಲ್ಲಿ ಐದರ ಮುಂದೆ ಇದ್ದದ್ದೇನು? ಸೊನ್ನೆ. ಅದರ ಮುಂದೆ? ಸೊನ್ನೆ. ಸಾಲಾಗಿ ಸೊನ್ನೆ, ಪ್ರತಿ ಸಲವೂ ಅದೇ, ಒಂದು ಕೂದಲಿನಷ್ಟೂ ಅಲುಗದೆ. ಲೋಟವನ್ನು ಅಲ್ಲೇ ಬಿಟ್ಟು ಅವಳು ಓಡಿದಳು. ಈ ವಯಸ್ಸಿನಲ್ಲಿ ವರಾಂಡದಲ್ಲಿ ಓಡುವವರನ್ನು ಜನ ನೋಡುತ್ತಾರೆ, ನೋಡಲಿ.

"ಮೇಡಂ, ಬೆಳಕಿನ ಒಂದೊಂದು ಮಿಡಿತದಲ್ಲೂ ಎರಡೆರಡು ಬಿಟ್ ಇರುತ್ತೆ. ಮೊದಲನೇ ಬಿಟ್ಟುಗಳನ್ನೇ ಬೇರೆ ಎಣಿಸಿ, ಎರಡನೇ ಬಿಟ್ಟುಗಳನ್ನೇ ಬೇರೆ ಎಣಿಸಿ." ಏದುಸಿರು ಬರುತ್ತಿತ್ತು. ಪರೀಕ್ಷಕರು ಏನೂ ಕೇಳದೆ ಕೀಲಿಮಣೆಗೆ ಕೈಹಾಕಿದರು. ಮೊದಲನೆಯವು: ಒಂದೂ ತಪ್ಪಿಲ್ಲ. ಎರಡನೆಯವು: ಒಂದೂ ಸರಿಯಿಲ್ಲ. ಒಂದೂ ಸರಿಯಿಲ್ಲ ಎಂದರೆ ಪ್ರತಿಯೊಂದೂ ಗೊತ್ತಿದೆ ಎಂದೇ ಅರ್ಥ, ತಿರುಗುಮುರುಗಾಗಿ. ಮೇಲಿರಬೇಕಾದದ್ದು ಕೆಳಗಿದೆ, ಕೆಳಗಿರಬೇಕಾದದ್ದು ಮೇಲಿದೆ, ನೀರಿನಲ್ಲಿ ಬಿದ್ದ ಮರದ ನೆರಳಿನ ಹಾಗೆ; ಆದರೆ ಒಂದು ಎಲೆಯೂ ತಪ್ಪಿಹೋಗಿಲ್ಲ. ಅವಳು ಮೊಣಕಾಲೂರಿ ಮೇಜಿನ ಕೆಳಗಿನ, ಫೈಬರ್ ಸುರುಳಿಯ ಬೂದು ಪೆಟ್ಟಿಗೆಯನ್ನು ಹಿಂದಿನಿಂದ ತಿರುಗಿಸಿದಳು. ಅಂಥವು ಎರಡು ಪೆಟ್ಟಿಗೆಯಿದ್ದವು, ಅವಳಿ ಮಕ್ಕಳ ಹಾಗೆ. ಒಂದರಲ್ಲಿ ಉದ್ದ ಅಲೆ ಹಿಂದೆ ಬೀಳುತ್ತದೆ, ಇನ್ನೊಂದರಲ್ಲಿ ಗಿಡ್ಡ ಅಲೆ. ನಿನ್ನೆ ಮೇಜು ಸಾಗಿಸುವ ಗಡಿಬಿಡಿಯಲ್ಲಿ ಎರಡನೆಯದು ಬಂದು ಕೂತಿತ್ತು. ಚೀಟಿ ಗೋಡೆಯ ಕಡೆಗಿತ್ತು. "ಅಯ್ಯೋ ನನ್ನ ತಲೆಗಿಷ್ಟು," ಎಂದರು ಬೆಸುಗೆಯವರು, ಕನ್ನಡಕ ತೆಗೆದು ಒರೆಸುವುದನ್ನೂ ಮರೆತು. "ನಾನೇ ತಂದಿಟ್ಟೆ ಮೇಡಂ." "ಇಬ್ರೂ ಸೇರಿ ತಂದ್ವಿ ಬಿಡಿ," ಎಂದಳು ಅವಳು. ಪ್ರೋಗ್ರಾಮಿಗೆ ತಾನು ಹೇಳಿದ್ದ ಪೆಟ್ಟಿಗೆಯೇ ಬೇರೆ, ಬೆಳಕು ಹಾದುಬಂದ ಪೆಟ್ಟಿಗೆಯೇ ಬೇರೆ. ಅದಕ್ಕೇ ಅದು ನೆರಳನ್ನು ಕಂಡಿತ್ತು.

ಪರೀಕ್ಷಕರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಚಾವಣಿ ನೋಡುತ್ತ ಕೂತರು. ಆಮೇಲೆ, ಯಾರಿಗೂ ಅಲ್ಲವೆಂಬಂತೆ, "ನೋಡಿ ಬರ್ದಿದ್ರೆ ಇದು ಸರಿಯಾಗೇ ಬರ್ತಿತ್ತಲ್ಲ," ಎಂದರು. ಅವಳಿಗೆ ತಕ್ಷಣ ಹೊಳೆಯಲಿಲ್ಲ. "ಉತ್ತರ ಎಲ್ಲಿಂದಾದ್ರೂ ಸೋರಿ ಬಂದಿದ್ರೆ ಸರಿಯಾದ್ದೇ ಬರ್ಬೇಕಿತ್ತು ಕಣಮ್ಮ. ಕನ್ನಡೀಲಿ ಕಂಡ ಹಾಗೆ ತಪ್ಪಾಗಿ ಬರ್ಬೇಕು ಅಂದ್ರೆ ಪೆಟ್ಟಿಗೆ ಅದಲುಬದಲಾಗಿರೋದು ಗೊತ್ತಿರ್ಬೇಕು, ಅದು ಬೆಳಕಿಗೆ ಮಾತ್ರ ಗೊತ್ತಿತ್ತು. ನಿಮಗೂ ಗೊತ್ತಿರ್ಲಿಲ್ಲ, ಆಕಡೆಯವ್ರಿಗೂ ಗೊತ್ತಿರ್ಲಿಲ್ಲ. ನಕಲು ಹೊಡೆಯೋರಿಗೆ ಹೀಗೆ ತಪ್ಪು ಮಾಡೋಕೆ ಬರಲ್ಲ." ಅವಳು ನೆಲದ ಮೇಲೆ ಕೂತಲ್ಲೇ ಕೂತಿದ್ದಳು, ಪೆಟ್ಟಿಗೆಯ ಮೇಲೆ ಕೈ. ಸಂತೋಷ ಬಂತು, ಆದರೆ ಅದಕ್ಕೂ ಮೊದಲು ಬಂದದ್ದು ತನ್ನ ಮನೆಯ ಒಂದು ಮಧ್ಯಾಹ್ನದ ನೆನಪು. ಬೆಳಕು ಬರಲಿ ಎಂದು ಅಪ್ಪನನ್ನು ಕಿಟಕಿಯ ಕಡೆಗೆ ಹೊರಳಿಸಿ ಮಲಗಿಸಿದ್ದಳು. ಅಪ್ಪ ಸರಿಯಿದ್ದ ಒಂದು ಕೈಯಿಂದ ಮಂಚದ ಅಂಚು ಹಿಡಿದು ಗೋಡೆಯ ಕಡೆಗೆ ತಿರುಗಿದರು. ಅವಳು ಮತ್ತೆ ಹೊರಳಿಸಿದಳು, ಅವರು ಮತ್ತೆ ತಿರುಗಿದರು. "ಏನಪ್ಪಾ ನಿಮ್ಮ ಹಟ!" ಎಂದು ಗದರಿದ್ದಳು. ಗೋಡೆಯಾಚೆ ಪಕ್ಕದ ಮನೆಯಾಕೆ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಅಪ್ಪ ಜೀವನವಿಡೀ ದರ್ಜಿಯಾಗಿದ್ದವರು. ಕಿವಿಯನ್ನು ಗೋಡೆಗೆ ಕೊಟ್ಟು, ಆ ಸದ್ದು ನಿಂತಾಗ ಹುಬ್ಬು ಗಂಟಿಕ್ಕಿ, ಮತ್ತೆ ಶುರುವಾದಾಗ ಸಡಿಲಿಸಿ ಮಲಗಿದ್ದರು. ಅದು ಅವಳ ತಲೆಯಲ್ಲಿ ಇದ್ದದ್ದಲ್ಲ. ಅದನ್ನು ಅವಳು ಕೇಳಿಸಿಕೊಂಡಿದ್ದಳು, ಅಪ್ಪನಿಂದಲೇ, ತನಗೆ ಬೇಕಾದದ್ದಕ್ಕೆ ಪೂರ್ತಿ ವಿರುದ್ಧವಾಗಿ. ಕಣ್ಣು ತುಂಬಿತು. ಅಂಗೈಯಲ್ಲಿ ಒರೆಸಿಕೊಂಡಳು, ಕೆನ್ನೆಗೆ ಪೆಟ್ಟಿಗೆಯ ಧೂಳು ಹತ್ತಿತು.

ಪ್ರೋಗ್ರಾಮಿನಲ್ಲಿ ಪೆಟ್ಟಿಗೆಯ ಅಂಕಿಯ ಹಿಂದೆ ಒಂದು ಕಳೆಯುವ ಗುರುತು ಹಾಕಿದಳು, ಅಷ್ಟೇ. "ಇನ್ನೊಂದ್ಸಲ ಕಳ್ಸಿ," ಎಂದರು ಪರೀಕ್ಷಕರು ಫೋನಿನಲ್ಲಿ, "ಹೊಸದು ಕಳ್ಸಿ." ಗೆರೆಗಳು ಕೂಡಿದವು. ತಪ್ಪು: ಸೊನ್ನೆ. "ಸೊನ್ನೆ," ಎಂದರು ಪರೀಕ್ಷಕರು. ಮತ್ತೆ ಬೇರೆ ಸುದ್ದಿ ಬಂತು, ಅದೂ ಸೊನ್ನೆ. ಬೆಸುಗೆಯವರು ಹಳೆಯ ಪೆಟ್ಟಿಗೆಯನ್ನು ಹುಡುಕಿ ತಂದು, ಚೀಟಿಯನ್ನು ಗಟ್ಟಿಯಾಗಿ ಎರಡು ಸಲ ಓದಿ, ಇಬ್ಬರಿಗೂ ತೋರಿಸಿ ಜೋಡಿಸಿದರು, ಅವಳು ಗುರುತು ತೆಗೆದಳು, ಸೊನ್ನೆ. ದೀಪದ ಸಾಹೇಬರು ಹೇಳದೆ ಕೇಳದೆ ವೇಗ ಹೆಚ್ಚಿಸಿದರು. ಗೆರೆಗಳು ಕೂಡಲು ಕೊಂಚ ತಡಮಾಡಿದವು, ಅವಳು ಉಸಿರು ಹಿಡಿದಳು, ಕೂಡಿದವು, ಸೊನ್ನೆ. "ಇನ್ನೂ ಏರಿಸ್ಬಹುದು ಸರ್," ಎಂದಳು ಅವಳು ಫೋನಿನ ಕಡೆಗೆ ಬಗ್ಗಿ. ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು, ಅದರಲ್ಲಿ ವಿನಯದ ಸುಳಿವೇ ಇರಲಿಲ್ಲ. ಏರಿಸಿದರು. ಸೊನ್ನೆ. ಬೆಸುಗೆಯವರು ಸಣ್ಣಗೆ ಒಂದು ಚಪ್ಪಾಳೆ ತಟ್ಟಿ, ಪರೀಕ್ಷಕರಿದ್ದಾರೆಂದು ನೆನಪಾಗಿ ಕೈಗಳನ್ನು ಉಜ್ಜಿಕೊಂಡಂತೆ ನಟಿಸಿದರು. ಪರೀಕ್ಷಕರು "ತಟ್ಟಿ ಪರ್ವಾಗಿಲ್ಲ" ಎಂದು ತಾವೇ ತಟ್ಟಿದರು.

ಫೋನಿನಲ್ಲಿ ಕುರ್ಚಿ ಸರಿದ ಸದ್ದಾಯಿತು, ಬಾಗಿಲು ಬಡಿದ ಸದ್ದಾಯಿತು. ಕೊಂಚ ಹೊತ್ತಿಗೆ ದೀಪದ ಸಾಹೇಬರು ಅಂಗಳ ದಾಟಿ, ಮೆಟ್ಟಿಲು ಹತ್ತಿ, ಮೇಲುಸಿರು ಬಿಡುತ್ತ ಬಾಗಿಲಲ್ಲಿ ಕಾಣಿಸಿಕೊಂಡರು. ಯಾವತ್ತೂ ಶೂ ಬಿಚ್ಚದೆ ಒಳಗೆ ಬಂದವರಲ್ಲ. ಇವತ್ತು ಹಾಗೇ ಬಂದರು. ಪರೀಕ್ಷಕರ ಪರದೆ ನೋಡಿದರು, ಅವಳ ಪರದೆ ನೋಡಿದರು, ಮೇಜಿನ ಮೇಲಿದ್ದ ಒಂದೊಂದು ಹಳದಿ ತಂತಿಯನ್ನೂ ಬೆರಳಿನಿಂದ ಹಿಂಬಾಲಿಸಿಕೊಂಡು ಹೋದರು. "ಎಲ್ಲೋ ಒಂದು ಲೇಸರ್ ಇರ್ಬೇಕು," ಎಂದರು, ಜಗಳಕ್ಕಲ್ಲ, ಕನ್ನಡಕ ಕಳಕೊಂಡವರು ಹೇಳುವ ಹಾಗೆ. "ಇಲ್ದೆ ಇದಾಗಲ್ಲ. ನಾನು ಇಷ್ಟು ವರ್ಷ..." ಪ್ಯಾಂಟು ಮೇಲಕ್ಕೆಳೆದುಕೊಂಡು ಮೊಣಕಾಲೂರಿದರು, ತಲೆ ತಗ್ಗಿಸಿ ಮೇಜಿನ ಕೆಳಗೆ ನುಗ್ಗಿದರು. ತಂತಿಗಳ ನಡುವೆ ಅವರ ಶೂಗಳ ಸವೆದ ಹಿಮ್ಮಡಿ ಮಾತ್ರ ಹೊರಗೆ ಕಾಣುತ್ತಿತ್ತು. ಪರೀಕ್ಷಕರು ಬಾಯಿಗೆ ಸೆರಗು ಹಿಡಿದರು. ಅವಳು ಎತ್ತರದ ಸ್ಟೂಲನ್ನು ಹತ್ತಿರಕ್ಕೆಳೆದುಕೊಂಡು, ಮೇಜಿನ ಮೇಲೆ ಎರಡೂ ಮೊಣಕೈಯಿಟ್ಟು, ಆರಾಮವಾಗಿ ಕೂತಳು.

"ಹುಡುಕಿ ಸರ್," ಎಂದಳು. "ನಿಧಾನಕ್ಕೆ ಹುಡುಕಿ. ನನಗೇನೂ ಅವಸರ ಇಲ್ಲ."